ಆಂಡ್ರ್ಯೂ ಸ್ಟಾಡಾರ್ಟ್

ಸ್ಟಾಡಾರ್ಟ್, ಆಂಡ್ರ್ಯೂ ಅರ್ನೆಸ್ಟ್ (1863-1915). ಇಂಗ್ಲೆಂಡಿನ ರಗ್ಬಿ ಯೂನಿಯನ್ ಹಾಗೂ ಕ್ರಿಕೆಟ್ ಆಟಗಾರ. 1885ರಿಂದ 1893ರವರೆಗೆ ಇಂಗ್ಲೆಂಡ್ ರಗ್ಬಿ ತಂಡದ ಪರ 10 ಅಂತರರಾಷ್ಟ್ರೀಯ ಪಂದ್ಯಗಳನ್ನಾಡಿ, ನಾಲ್ಕರಲ್ಲಿ ನಾಯಕನಾಗಿದ್ದ. 1888ರಲ್ಲಿ ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯಕ್ಕೆ ಹೋದ ಮೊದಲ ಬ್ರಿಟಿಷ್ ರಗ್ಬಿ ತಂಡದ ನಾಯಕ ಪ್ರವಾಸದ ನಡುವೆಯೇ ತೀರಿಕೊಂಡಾಗ ಆ ತಂಡವನ್ನು ಕೊನೆಯವರೆಗೂ ಮುನ್ನಡೆಸಿದವನು ಈತ. ಕ್ರಿಕೆಟ್‌ನಲ್ಲಿ 16 ಟೆಸ್ಟ್ ಆಡಿದ್ದು, ಎಂಟರಲ್ಲಿ ಇಂಗ್ಲೆಂಡಿನ ನಾಯಕ. ಎರಡೂ ಆಟಗಳಲ್ಲಿ ಇಂಗ್ಲೆಂಡ್ ತಂಡವನ್ನು ಮುನ್ನಡೆಸಿದವರು ಇಬ್ಬರೇ: ಲ್ಯಾಂಕಾಷೈರಿನ ಎ. ಎನ್. ಹಾರ್ನ್‌ಬಿ ಮೊದಲನೆಯವ, ಸ್ಟಾಡಾರ್ಟ್ ಎರಡನೆಯವ. ಭಾರತದ ಓದುಗರಿಗೆ ಈತನ ಹೆಸರು ಸಾಮಾನ್ಯವಾಗಿ ರಣಜಿತ್‌ಸಿಂಹಜಿಯ ಜೊತೆಯಲ್ಲಿ ಬರುತ್ತದೆ. ರಣಜಿ ಆಸ್ಟ್ರೇಲಿಯಕ್ಕೆ ಆಡಲು ಹೋದದ್ದು ಸ್ಟಾಡಾರ್ಟ್‌ನ ತಂಡದಲ್ಲಿ.

ಆಟ ಮತ್ತು ಕಾಲ

ಸ್ಟಾಡಾರ್ಟ್ ಅಂಗಳಕ್ಕಿಳಿದಾಗ ರಗ್ಬಿ ಇನ್ನೂ ಕಟ್ಟುಪಾಡುಗಳನ್ನು ರೂಢಿಸಿಕೊಳ್ಳುತ್ತಿದ್ದ ಆಟ. ಇಂಗ್ಲೆಂಡಿನ ರಗ್ಬಿ ಫುಟ್‌ಬಾಲ್ ಯೂನಿಯನ್ ಹುಟ್ಟಿದ್ದು 1871ರ ಜನವರಿಯಲ್ಲಿ. ಅದೇ ವರ್ಷ ಮಾರ್ಚ್ 27ರಂದು ಎಡಿನ್‌ಬರೊದ ರೇಬರ್ನ್ ಪ್ಲೇಸ್ ಮೈದಾನದಲ್ಲಿ ಸ್ಕಾಟ್ಲೆಂಡ್ ಮತ್ತು ಇಂಗ್ಲೆಂಡ್ ನಡುವೆ ಮೊದಲ ಅಂತರರಾಷ್ಟ್ರೀಯ ಪಂದ್ಯ ನಡೆಯಿತು. ಆಗ ಒಂದೊಂದು ತಂಡಕ್ಕೆ 20 ಆಟಗಾರರು. 1877ರಲ್ಲಿ ಅದು 15ಕ್ಕಿಳಿಯಿತು. ಆ 15 ಜನರಲ್ಲಿ ಒಂಬತ್ತು ಮಂದಿ ಫಾರ್ವರ್ಡ್‌ಗಳು. ಚೆಂಡಿಗಾಗಿ ಎರಡು ಗುಂಪುಗಳು ತಲೆತಗ್ಗಿಸಿ ತಳ್ಳಾಡುವ ಸ್ಕ್ರಮ್ಮೇ ಆಟದ ಬಹುಪಾಲು ಹೊತ್ತನ್ನು ನುಂಗುತ್ತಿತ್ತು. ಅವರ ಹಿಂದೆ ನಿಂತು ಚೆಂಡು ಕೈಗೆ ಬಂದೊಡನೆ ಓಡುವ ಮೂವರಿಗೆ ತ್ರೀ-ಕ್ವಾರ್ಟರ್ ಎಂದು ಹೆಸರು. ಸ್ಟಾಡಾರ್ಟ್ ಈ ಮೂವರಲ್ಲಿ ಒಬ್ಬ.

ಗೆಲುವನ್ನು ಎಣಿಸುವ ಬಗೆಯೂ ಸ್ಥಿರವಾಗಿರಲಿಲ್ಲ. ಎದುರಾಳಿಯ ಗೋಲುಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸುವುದು ಟ್ರೈ. ಅದಾದ ಮೇಲೆ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ಚೆಂಡನ್ನು ಒದೆಯುವುದು ಕನ್ವರ್ಷನ್. ಮೊದಲು ಗೋಲುಗಳನ್ನಷ್ಟೇ ಲೆಕ್ಕಕ್ಕೆ ಹಿಡಿಯುತ್ತಿದ್ದರು. ಟ್ರೈ ಎಂದರೆ ಗೋಲಿಗೆ ಒದೆಯಲು ಸಿಗುವ ಅವಕಾಶವಷ್ಟೆ. ಅಂಕಗಳ ಪದ್ಧತಿ ಬಂದಮೇಲೂ ಟ್ರೈಗೆ ಒಮ್ಮೆ ಒಂದು, ಇನ್ನೊಮ್ಮೆ ಎರಡು, ಮತ್ತೊಮ್ಮೆ ಮೂರು ಅಂಕ. ಈ ಬದಲಾವಣೆಗಳು ಸ್ಟಾಡಾರ್ಟ್‌ನ ಬಹುಮುಖ್ಯ ಪಂದ್ಯವೊಂದರ ಫಲಿತಾಂಶವನ್ನೇ ನಿರ್ಧರಿಸಿದವು.

ಬಾಲ್ಯ ಮತ್ತು ಆರಂಭ

ಈತ ಹುಟ್ಟಿದ್ದು 1863ರ ಮಾರ್ಚ್ 11ರಂದು, ಇಂಗ್ಲೆಂಡಿನ ಈಶಾನ್ಯ ಕರಾವಳಿಯ ಸೌತ್ ಷೀಲ್ಡ್ಸ್ ಪಟ್ಟಣದ ವೆಸ್ಟೊ ಎಂಬಲ್ಲಿ. ತಂದೆ ದ್ರಾಕ್ಷಾರಸದ ವ್ಯಾಪಾರಿ. ಈತ ಹುಡುಗನಾಗಿದ್ದಾಗಲೇ ಕುಟುಂಬ ಲಂಡನ್ನಿಗೆ ಬಂದು ನೆಲೆಸಿತು. ಆ ಕಾಲದ ಹೆಸರಾಂತ ಆಟಗಾರರಲ್ಲಿ ಹೆಚ್ಚಿನವರು ಆಕ್ಸ್‌ಫರ್ಡ್ ಅಥವಾ ಕೇಂಬ್ರಿಜ್ ವಿಶ್ವವಿದ್ಯಾಲಯದ ಮೈದಾನಗಳಿಂದ ಬಂದವರು. ಸ್ಟಾಡಾರ್ಟ್ ಎರಡರ ಮೆಟ್ಟಿಲನ್ನೂ ಹತ್ತಿದವನಲ್ಲ. ಕ್ಲಬ್ ಆಟದಿಂದಲೇ ಮೇಲೆ ಬಂದವನು. ಹಾರ್ಲೆಕ್ವಿನ್ಸ್ ಹಾಗೂ ಬ್ಲ್ಯಾಕ್‌ಹೀತ್ ಈತನ ರಗ್ಬಿ ಕ್ಲಬ್‌ಗಳು. ಲಂಡನ್ನಿನ ಆಗ್ನೇಯ ಅಂಚಿನ ಬ್ಲ್ಯಾಕ್‌ಹೀತ್ ಆಗ ದೇಶದ ಅತ್ಯಂತ ಬಲಿಷ್ಠ ಕ್ಲಬ್‌ಗಳಲ್ಲೊಂದು.

ವೇಗದ ಓಟ, ಓಡುತ್ತಲೇ ದಿಕ್ಕು ಬದಲಿಸಿ ತಡೆಯುವವನನ್ನು ತಪ್ಪಿಸುವ ಚಾಕಚಕ್ಯ, ದೂರಕ್ಕೆ ಗುರಿಯಿಟ್ಟು ಒದೆಯುವ ಕಾಲು ಇವು ಈತನ ಬಲ. ಚೆಂಡನ್ನು ಕೈಯಿಂದ ಬಿಟ್ಟು ನೆಲಕ್ಕೆ ತಾಗಿ ಪುಟಿಯುತ್ತಿದ್ದಂತೆ ಒದ್ದು ಗಳಿಸುವ ಡ್ರಾಪ್ ಗೋಲ್ ಆಗ ಟ್ರೈಗಿಂತ ಬೆಲೆಬಾಳುವ ಗಳಿಕೆಯಾಗಿತ್ತು. ಆದ್ದರಿಂದ ಓಟ ಮತ್ತು ಒದೆತ ಎರಡೂ ಬಲ್ಲ ತ್ರೀ-ಕ್ವಾರ್ಟರ್ ಎಂದರೆ ಯಾವ ತಂಡಕ್ಕೂ ಬೇಕಾದವನು.

ಮೊದಲ ಅಂತರರಾಷ್ಟ್ರೀಯ ಪಂದ್ಯಗಳು

1885ರ ಜನವರಿಯಲ್ಲಿ ಸ್ವಾನ್ಸಿಯಲ್ಲಿ ವೇಲ್ಸ್ ವಿರುದ್ಧ ನಡೆದ ಪಂದ್ಯ ಸ್ಟಾಡಾರ್ಟ್‌ನ ಮೊದಲ ಅಂತರರಾಷ್ಟ್ರೀಯ ಪಂದ್ಯ; ಗೆಲುವು ಇಂಗ್ಲೆಂಡಿನದು. 1886ರಲ್ಲಿ ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್ ಮೂರರ ವಿರುದ್ಧವೂ ಆಡಿದ. ಆ ವರ್ಷ ಬ್ಲ್ಯಾಕ್‌ಹೀತ್‌ನಲ್ಲಿ ವೇಲ್ಸ್ ವಿರುದ್ಧ ಇಂಗ್ಲೆಂಡಿಗೆ ಮೇಲುಗೈ ತಂದದ್ದು ಈತ ಹೊಡೆದ ಗೋಲು. ಸಹ ಆಟಗಾರನೊಬ್ಬ ಚೆಂಡನ್ನು ನೇರವಾಗಿ ಹಿಡಿದು ನೆಲದ ಮೇಲೆ ಗುರುತು ಮಾಡಿದ. ಅಲ್ಲಿಂದ ಯಾರ ಅಡ್ಡಿಯೂ ಇಲ್ಲದೆ ಒದೆಯಲು ಆಗಿನ ನಿಯಮ ಅವಕಾಶ ಕೊಡುತ್ತಿತ್ತು. ಒದೆಯುವ ಕೆಲಸ ಸ್ಟಾಡಾರ್ಟ್‌ಗೆ ಬಂತು, ಚೆಂಡು ಕಂಬಗಳ ನಡುವೆ ಹೋಯಿತು.

ಸ್ಕಾಟ್ಲೆಂಡ್ ವಿರುದ್ಧದ 1886ರ ಪಂದ್ಯ ಯಾರೂ ಗೋಲು ಗಳಿಸದೆ ಸಮವಾಯಿತು. ಈ ಎರಡು ದೇಶಗಳ ಪಂದ್ಯಕ್ಕೆ ಕಟ್ಟಿರುವ ಪಣ ಕಲ್ಕತ್ತಾ ಕಪ್. ಕಲ್ಕತ್ತೆಯಲ್ಲಿದ್ದ ಬ್ರಿಟಿಷರ ರಗ್ಬಿ ಕ್ಲಬ್ ಮುಚ್ಚಿದಾಗ ಬ್ಯಾಂಕಿನಲ್ಲಿ ಉಳಿದಿದ್ದ ಬೆಳ್ಳಿ ರೂಪಾಯಿಗಳನ್ನು ತೆಗೆಸಿ, ಕರಗಿಸಿ, ಹಾವಿನ ಹಿಡಿಕೆಗಳೂ ಮುಚ್ಚಳದ ಮೇಲೊಂದು ಆನೆಯೂ ಇರುವ ಬಟ್ಟಲು ಮಾಡಿಸಿ ಯೂನಿಯನ್‌ಗೆ ಒಪ್ಪಿಸಿದರು. 1879ರಿಂದ ಇಂದಿನವರೆಗೂ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಆ ಭಾರತೀಯ ಬೆಳ್ಳಿಗಾಗಿಯೇ ಸೆಣಸುತ್ತಿವೆ.

ಒಂಬತ್ತು ಚಳಿಗಾಲಗಳಲ್ಲಿ ಕೇವಲ 10 ಪಂದ್ಯ ಎಂಬುದು ಇಂದಿನ ಲೆಕ್ಕದಲ್ಲಿ ತೀರ ಕಡಿಮೆ. ವರ್ಷಕ್ಕೆ ಎರಡು ಅಥವಾ ಮೂರೇ ಪಂದ್ಯಗಳಿದ್ದದ್ದು ಒಂದು ಕಾರಣ. ಎರಡನೆಯದು, ನಿಯಮ ರೂಪಿಸುವ ಅಧಿಕಾರ ಯಾರದು ಎಂಬ ಜಗಳ. ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್ ಸೇರಿ ಕಟ್ಟಿದ ಅಂತರರಾಷ್ಟ್ರೀಯ ಮಂಡಳಿಗೆ ಸೇರಲು ಇಂಗ್ಲೆಂಡ್ ಒಪ್ಪದ್ದರಿಂದ 1888 ಮತ್ತು 1889ರಲ್ಲಿ ಆ ಮೂರೂ ದೇಶಗಳು ಅದರೊಂದಿಗೆ ಆಡಲಿಲ್ಲ. ಮೂರನೆಯದು ಕ್ರಿಕೆಟ್. ಇಂಗ್ಲೆಂಡಿನ ಚಳಿಗಾಲವೇ ಆಸ್ಟ್ರೇಲಿಯದ ಬೇಸಿಗೆ. ಆ ತಿಂಗಳುಗಳಲ್ಲಿ ಸ್ಟಾಡಾರ್ಟ್ ಅನೇಕ ಸಲ ಬ್ಯಾಟು ಹಿಡಿದು ದಕ್ಷಿಣ ಗೋಳಾರ್ಧದಲ್ಲಿರುತ್ತಿದ್ದ.

1888ರ ಪ್ರವಾಸ

1887-88ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಎರಡು ಕ್ರಿಕೆಟ್ ತಂಡಗಳು ಏಕಕಾಲಕ್ಕೆ ಆಸ್ಟ್ರೇಲಿಯಕ್ಕೆ ಹೋದವು. ಒಂದು ಜಿ. ಎಫ್. ವರ್ನನ್‌ನ ಹೆಸರಿನದು, ಅದರಲ್ಲಿ ಸ್ಟಾಡಾರ್ಟ್ ಇದ್ದ. ಇನ್ನೊಂದನ್ನು ವೃತ್ತಿಪರ ಕ್ರಿಕೆಟಿಗರಾದ ಆಲ್ಫ್ರೆಡ್ ಷಾ, ಆರ್ಥರ್ ಶ್ರೂಸ್‌ಬರಿ ಮತ್ತು ಜೇಮ್ಸ್ ಲಿಲ್ಲಿವೈಟ್ ತಮ್ಮ ಹಣ ಹಾಕಿ ಕರೆತಂದಿದ್ದರು. ಪ್ರೇಕ್ಷಕರು ಎರಡು ಕಡೆ ಹಂಚಿಹೋದರು, ಟಿಕೆಟ್ ಹಣ ಸಾಲಲಿಲ್ಲ, ಹಣ ಹೂಡಿದವರಿಗೆ ದೊಡ್ಡ ನಷ್ಟವಾಯಿತು. 1888ರ ಫೆಬ್ರವರಿಯಲ್ಲಿ ಎರಡೂ ತಂಡಗಳಿಂದ ಆಯ್ದ ಆಟಗಾರರು ಸಿಡ್ನಿಯಲ್ಲಿ ಒಂದು ಟೆಸ್ಟ್ ಆಡಿದರು. ಸ್ಟಾಡಾರ್ಟ್‌ನ ಮೊದಲ ಟೆಸ್ಟ್ ಅದೇ.

ಕಳೆದುಕೊಂಡದ್ದನ್ನು ಗಳಿಸಿಕೊಳ್ಳಲು ಷಾ ಮತ್ತು ಶ್ರೂಸ್‌ಬರಿ ಕಂಡುಕೊಂಡ ದಾರಿ ರಗ್ಬಿ. ಬ್ರಿಟನ್ನಿನಿಂದ ಇಪ್ಪತ್ತಕ್ಕೂ ಹೆಚ್ಚು ಆಟಗಾರರನ್ನು ಒಟ್ಟುಗೂಡಿಸಿದರು. ಹೆಚ್ಚಿನವರು ಸ್ವಿಂಟನ್, ಸ್ಯಾಲ್‌ಫರ್ಡ್, ಹ್ಯಾಲಿಫ್ಯಾಕ್ಸ್‌ನಂಥ ಉತ್ತರ ಇಂಗ್ಲೆಂಡಿನ ಕೈಗಾರಿಕಾ ಪಟ್ಟಣಗಳ ಕ್ಲಬ್‌ಗಳವರು. ಸ್ಕಾಟ್ಲೆಂಡ್ ಗಡಿಯ ಹಾವಿಕ್‌ನವರೂ ಇದ್ದರು. ನಾಯಕ ಲ್ಯಾಂಕಾಷೈರಿನ ರಾಬರ್ಟ್ ಸೆಡನ್. ಮಾರ್ಚ್‌ನಲ್ಲಿ ಹಡಗು ಹತ್ತಿದ ತಂಡಕ್ಕೆ ಆಗಲೇ ಆ ಕಡೆ ಇದ್ದ ಸ್ಟಾಡಾರ್ಟ್ ಅಲ್ಲಿಯೇ ಸೇರಿಕೊಂಡ. ಕೆಂಪು, ಬಿಳಿ, ನೀಲಿ ಪಟ್ಟೆಗಳ ಜರ್ಸಿ ತೊಟ್ಟ ಈ ತಂಡಕ್ಕೆ ಯೂನಿಯನ್‌ನ ಅಧಿಕೃತ ಮುದ್ರೆ ಇರಲಿಲ್ಲ. ಆದರೂ ಬ್ರಿಟಿಷ್ ಮತ್ತು ಐರಿಷ್ ಲಯನ್ಸ್ ತಂಡದ ಚರಿತ್ರೆಯನ್ನು ಈಗ ಎಣಿಸುವುದು ಇದರಿಂದಲೇ.

ಏಪ್ರಿಲ್ 28ರಂದು ಡ್ಯುನೇಡಿನ್‌ನಲ್ಲಿ ಒಟಾಗೊ ಪ್ರಾಂತದ ವಿರುದ್ಧ ಮೊದಲ ಪಂದ್ಯ. ನ್ಯೂಜಿಲೆಂಡ್, ಆಮೇಲೆ ಆಸ್ಟ್ರೇಲಿಯ, ಮತ್ತೆ ನ್ಯೂಜಿಲೆಂಡ್ ಹೀಗೆ ತಂಡ ಸುತ್ತಿತು. ಒಟ್ಟು 35 ರಗ್ಬಿ ಪಂದ್ಯಗಳಲ್ಲಿ 27 ಗೆಲುವು, ಆರು ಸಮ. ಟಾರನಾಕಿ ಮತ್ತು ಆಕ್ಲೆಂಡ್ ವಿರುದ್ಧ ಮಾತ್ರ ಸೋಲು. ದೇಶ-ದೇಶಗಳ ನಡುವಣ ಟೆಸ್ಟ್ ಪಂದ್ಯ ಈ ಪ್ರವಾಸದಲ್ಲಿರಲಿಲ್ಲ.

ಮೆಲ್ಬರ್ನ್ ಮತ್ತು ಅಡಿಲೇಡ್ ಭಾಗದಲ್ಲಿ ಜನ ರಗ್ಬಿ ಆಡುತ್ತಿರಲಿಲ್ಲ. ಅವರದು ವಿಕ್ಟೋರಿಯ ನಿಯಮದ ಬೇರೆಯೇ ಫುಟ್‌ಬಾಲ್. ಪ್ರೇಕ್ಷಕರಿದ್ದಲ್ಲಿ ಹಣ, ಹಣವಿದ್ದಲ್ಲಿ ಪಂದ್ಯ ಎಂಬುದು ಸಂಘಟಕರ ಲೆಕ್ಕಾಚಾರ. ಹಾಗಾಗಿ ಬಹುಮಂದಿ ಎಂದೂ ಕಂಡರಿಯದ ಆಟವನ್ನು ತಂಡದವರು ಅಲ್ಲೇ ಕಲಿತು ಅಲ್ಲೇ ಆಡಬೇಕಾಯಿತು. ಜೂನ್‌ನಲ್ಲಿ ಮೆಲ್ಬರ್ನ್‌ನ ಕಾರ್ಲ್‌ಟನ್ ಕ್ಲಬ್ 14 ಗೋಲಿಗೆ 3ರಂತೆ ಇವರನ್ನು ಮಣಿಸಿತು. ಮುಂದೆ ಕೈ ಕುದುರಿ ಕೆಲವು ಪಂದ್ಯಗಳನ್ನು ಗೆದ್ದೂ ಗೆದ್ದರು. ಆ ಆಟವನ್ನು ಬೇಗ ಕಲಿತು ಮೆಚ್ಚುಗೆ ಪಡೆದವರಲ್ಲಿ ಸ್ಟಾಡಾರ್ಟ್ ಮುಂದಿದ್ದ. ಹೀಗೆ ಒಂದೇ ವರ್ಷದಲ್ಲಿ ಒಂದೇ ಖಂಡದಲ್ಲಿ ಈತ ಮೂರು ಬಗೆಯ ಆಟ ಆಡಿದಂತಾಯಿತು.

1888ರ ಆಗಸ್ಟ್ 15ರಂದು ನ್ಯೂ ಸೌತ್ ವೇಲ್ಸ್‌ನ ವೆಸ್ಟ್ ಮೇಟ್‌ಲೆಂಡ್ ಊರಿನಲ್ಲಿ ಸೆಡನ್ ಬಿಡುವಿನ ಹೊತ್ತಿನಲ್ಲಿ ಹಂಟರ್ ನದಿಯಲ್ಲಿ ಒಬ್ಬನೇ ಕಿರುದೋಣಿ ಹುಟ್ಟು ಹಾಕಲು ಹೋದ. ಕಾಲುಗಳನ್ನು ಪಟ್ಟಿಯಿಂದ ಬಿಗಿದುಕೊಂಡು ನಡೆಸುವ ಪಂದ್ಯದ ದೋಣಿ ಅದು. ಮಗುಚಿದಾಗ ಪಟ್ಟಿಯಿಂದ ಕಾಲು ಬಿಡಿಸಿಕೊಳ್ಳಲಾಗದೆ ಮುಳುಗಿ ಸತ್ತ. ಅದೇ ಊರಿನಲ್ಲಿ ಅವನ ಸಮಾಧಿಯಾಯಿತು. ತಂಡ ಸ್ಟಾಡಾರ್ಟ್‌ನನ್ನು ನಾಯಕನನ್ನಾಗಿ ಆರಿಸಿತು. ಕೆಲವೇ ದಿನಗಳಲ್ಲಿ ಕ್ವೀನ್ಸ್‌ಲೆಂಡ್‌ನಲ್ಲಿ ಆಡಬೇಕಿತ್ತು, ಪ್ರವಾಸ ನಿಲ್ಲಲಿಲ್ಲ. ಅಲ್ಲಿಂದ ಮುಂದೆ ನ್ಯೂಜಿಲೆಂಡಿನ ಎರಡನೆಯ ಸುತ್ತು ಮುಗಿಯುವವರೆಗೂ ಈತನೇ ನಾಯಕ.

ಆಟದ ದೃಷ್ಟಿಯಿಂದ ಈ ಪ್ರವಾಸ ಬಿಟ್ಟುಹೋದದ್ದು ಎರಡು ಪಾಠ. ಸ್ಕ್ರಮ್‌ನಲ್ಲಿ ಚೆಂಡನ್ನು ಮುಂದಕ್ಕೆ ತಳ್ಳುವ ಬದಲು ಹಿಮ್ಮಡಿಯಿಂದ ಹಿಂದಕ್ಕೆ ಕೊಡುವುದು ಒಂದು. ಹಿಂದೆ ನಿಂತವರು ಅದನ್ನು ಕೈಯಿಂದ ಕೈಗೆ ದಾಟಿಸುತ್ತ ಓಡುವುದು ಮತ್ತೊಂದು. ನ್ಯೂಜಿಲೆಂಡಿನವರು ಇವೆರಡನ್ನೂ ನೋಡಿ ಕಲಿತರು. 1905ರಲ್ಲಿ ಅವರ ತಂಡ ಬ್ರಿಟನ್ನಿಗೆ ಬಂದಾಗ ಶಿಷ್ಯರು ಗುರುಗಳನ್ನು ಎಷ್ಟು ಹಿಂದೆ ಹಾಕಿದ್ದರೆಂಬುದು ಬಯಲಾಯಿತು.

ಹವ್ಯಾಸಿಯೋ ವೃತ್ತಿಪರನೋ?

ರಗ್ಬಿ ಯೂನಿಯನ್‌ನ ಕಟ್ಟುನಿಟ್ಟಿನ ನಿಲುವು ಆಟಕ್ಕೆ ಹಣ ಪಡೆಯಬಾರದೆಂಬುದು. 1888ರ ಪ್ರವಾಸ ಈ ನಿಲುವಿನ ಒಳಬಿರುಕನ್ನು ತೋರಿಸಿತು. ಹೊರಡುವ ಮುನ್ನವೇ ಹ್ಯಾಲಿಫ್ಯಾಕ್ಸ್‌ನ ಜೆ. ಪಿ. ಕ್ಲೌಸ್ ಎಂಬ ಆಟಗಾರ ಬಟ್ಟೆಬರೆ ಖರೀದಿಗೆಂದು 15 ಪೌಂಡ್ ಪಡೆದದ್ದು ಬೆಳಕಿಗೆ ಬಂದು, ಯೂನಿಯನ್ ಅವನನ್ನು ವೃತ್ತಿಪರ ಎಂದು ಘೋಷಿಸಿತು. ಆಡಲೆಂದು ಹಡಗು ಹತ್ತಿದವನು ಪ್ರವಾಸವನ್ನು ಬಹುಮಟ್ಟಿಗೆ ನೋಡುಗನಾಗಿಯೇ ಕಳೆದ. ಹಿಂತಿರುಗಿದ ಮೇಲೆ ಉಳಿದವರೆಲ್ಲ ಹಣ ಪಡೆದಿಲ್ಲವೆಂದು ಪ್ರಮಾಣ ಮಾಡಿ ಬರೆದುಕೊಡಬೇಕಾಯಿತು. ವಿಷಯ ಅಲ್ಲಿಗೆ ಮುಚ್ಚಿತು.

ಎಂಟು ತಿಂಗಳು ಕೂಲಿ ಬಿಟ್ಟು ಹೋದ ಗಿರಣಿ ಊರಿನ ಆಟಗಾರರು ಬರಿಗೈಯಲ್ಲಿ ಆಡಿದರೆಂದು ನಂಬುವುದು ಕಷ್ಟ. ಸ್ಟಾಡಾರ್ಟ್‌ಗೂ ಹಣ ಸಂದಿತ್ತೆಂದು ಶ್ರೂಸ್‌ಬರಿಯ ಪತ್ರಗಳನ್ನು ಆಧರಿಸಿ ಇತಿಹಾಸಕಾರರು ಹೇಳುತ್ತಾರೆ. ಆದರೆ ಸಮಾಜದಲ್ಲಿ ಈತನಿಗಿದ್ದ ಸ್ಥಾನ ಬೇರೆ. ಲಂಡನ್ನಿನ ಷೇರು ಮಾರುಕಟ್ಟೆಯಲ್ಲಿ ಕೆಲಸ, ಮಿಡ್ಲ್‌ಸೆಕ್ಸ್ ಪರ ಹವ್ಯಾಸಿ ಕ್ರಿಕೆಟ್, ಬ್ಲ್ಯಾಕ್‌ಹೀತ್ ಕ್ಲಬ್ಬಿನ ಸದಸ್ಯತ್ವ ಇದ್ದವನನ್ನು ಯೂನಿಯನ್ ಕೆದಕಿ ಕೇಳಲಿಲ್ಲ. ಕ್ಲೌಸ್‌ನ 15 ಪೌಂಡ್ ಅಪರಾಧವಾಯಿತು. ಸ್ಟಾಡಾರ್ಟ್ ಎರಡು ವರ್ಷಗಳಲ್ಲಿ ಇಂಗ್ಲೆಂಡಿನ ನಾಯಕನಾದ. ಇದೇ ತಾರತಮ್ಯ ಬೆಳೆದು, ಆಟಕ್ಕಾಗಿ ಕಳೆದುಕೊಂಡ ದಿನಗೂಲಿಯನ್ನಾದರೂ ತುಂಬಿಕೊಡಿ ಎಂಬ ಉತ್ತರದವರ ಬೇಡಿಕೆಯನ್ನು ಯೂನಿಯನ್ ತಳ್ಳಿಹಾಕಿ, 1895ರ ಆಗಸ್ಟ್ 29ರಂದು ಹಡರ್ಸ್‌ಫೀಲ್ಡ್‌ನ ಜಾರ್ಜ್ ಹೋಟೆಲಿನಲ್ಲಿ ನಾರ್ದರ್ನ್ ಯೂನಿಯನ್ ಹುಟ್ಟಿತು. ರಗ್ಬಿ ಲೀಗ್ ಎಂಬ ಪ್ರತ್ಯೇಕ ಆಟದ ಮೂಲ ಅದು.

ಬ್ಲ್ಯಾಕ್‌ಹೀತ್‌ನ ವಿವಾದ

ಬ್ರಿಟಿಷ್ ತಂಡದ ಪ್ರವಾಸ ನಡೆಯುತ್ತಿದ್ದಾಗಲೇ ನ್ಯೂಜಿಲೆಂಡಿನಿಂದ ಒಂದು ತಂಡ ಬ್ರಿಟನ್ನಿಗೆ ಹೊರಟಿತು. ಜೋ ವಾರ್‌ಬ್ರಿಕ್ ಕಟ್ಟಿದ, ಬಹುಪಾಲು ಮಾವೊರಿ (ನ್ಯೂಜಿಲೆಂಡಿನ ಮೂಲನಿವಾಸಿ) ಆಟಗಾರರ ನ್ಯೂಜಿಲೆಂಡ್ ನೇಟಿವ್ಸ್ ತಂಡ ಅದು. ಒಟ್ಟು 107 ರಗ್ಬಿ ಪಂದ್ಯ ಆಡಿದ ಈ ತಂಡ 1889ರ ಫೆಬ್ರವರಿ 16ರಂದು ಬ್ಲ್ಯಾಕ್‌ಹೀತ್‌ನ ರೆಕ್ಟರಿ ಫೀಲ್ಡ್‌ನಲ್ಲಿ ಇಂಗ್ಲೆಂಡನ್ನು ಎದುರಿಸಿತು. ತೀರ್ಪುಗಾರ ಜಿ. ರೋಲೆಂಡ್ ಹಿಲ್, ಇಂಗ್ಲೆಂಡ್ ರಗ್ಬಿ ಯೂನಿಯನ್‌ನ ಕಾರ್ಯದರ್ಶಿಯೂ ಆತನೇ.

ದ್ವಿತೀಯಾರ್ಧದಲ್ಲಿ ಸ್ಟಾಡಾರ್ಟ್ ಚೆಂಡು ಹಿಡಿದು ಓಡುತ್ತಿದ್ದಾಗ ಟಾಮ್ ಎಲಿಸನ್ ಅವನ ಚಡ್ಡಿಗೆ ಕೈಹಾಕಿದ. ಬಟ್ಟೆ ಪರ್ರನೆ ಹರಿಯಿತು. ಅಂಗಳದ ಸುತ್ತ ಸಾವಿರಾರು ಜನ. ನಾಚಿದ ಸ್ಟಾಡಾರ್ಟ್ ಆಟ ನಿಂತಿತೆಂಬಂತೆ ಚೆಂಡನ್ನು ಬಿಟ್ಟುಬಿಟ್ಟ. ಮಾವೊರಿ ಆಟಗಾರರು ಅವನ ಸುತ್ತ ಮರೆಯಾಗಿ ನಿಂತು ಬೇರೆ ಬಟ್ಟೆ ತೊಡಲು ಅನುವು ಮಾಡಿಕೊಟ್ಟರು. ಅಷ್ಟರಲ್ಲಿ ಇಂಗ್ಲೆಂಡಿನ ಫ್ರಾಂಕ್ ಎವರ್ಷೆಡ್ ಬಿದ್ದ ಚೆಂಡನ್ನೆತ್ತಿಕೊಂಡು ಓಡಿ ಗೆರೆ ದಾಟಿ ನೆಲಕ್ಕೆ ಮುಟ್ಟಿಸಿದ. ಹಿಲ್ ಟ್ರೈ ಎಂದು ತೀರ್ಪಿತ್ತ. ಸಿಟ್ಟಾದ ಮಾವೊರಿಗಳಲ್ಲಿ ಕೆಲವರು ಅಂಗಳದಿಂದ ಹೊರನಡೆದರು. ಒಲಿಸಿ ಕರೆತಂದ ಮೇಲೆ ಆಟ ಮುಂದುವರಿಯಿತು. ಇಂಗ್ಲೆಂಡ್ 7-0ಯಿಂದ ಗೆದ್ದಿತು. ಅದರ ಐದು ಟ್ರೈಗಳಲ್ಲಿ ಒಂದು ಸ್ಟಾಡಾರ್ಟ್‌ನದೇ. ಯೂನಿಯನ್ ಪ್ರವಾಸಿ ತಂಡದಿಂದ ಕ್ಷಮಾಪಣೆ ಪತ್ರ ಬರೆಸಿಕೊಂಡಿತು. ತಂಡ ಊರಿಗೆ ಹೊರಟಾಗ ಬೀಳ್ಕೊಡಲು ಯೂನಿಯನ್‌ನಿಂದ ಯಾರೂ ಬರಲಿಲ್ಲ. ಸೌಜನ್ಯ ತೋರಿದವರು ಕ್ಷಮೆ ಕೇಳಿದರು, ಅದರ ಲಾಭ ಪಡೆದವರು ಕೇಳಿಸಿಕೊಂಡರು. ಎಲಿಸನ್ ಮುಂದೆ 1893ರಲ್ಲಿ ನ್ಯೂಜಿಲೆಂಡಿನ ಮೊದಲ ಅಧಿಕೃತ ತಂಡದ ನಾಯಕನಾದ. ಬೆಳ್ಳಿ ಜರೀಗಿಡದ ಗುರುತುಳ್ಳ ಕಪ್ಪು ಜರ್ಸಿ ಆ ದೇಶದ ತಂಡಕ್ಕಿರಲಿ ಎಂದು ಸೂಚಿಸಿದವನೂ ಅವನೇ.

ಇಂಗ್ಲೆಂಡಿನ ನಾಯಕ

ಮಂಡಳಿಯ ಜಗಳ ಬಗೆಹರಿದು 1890ರಲ್ಲಿ ಇಂಗ್ಲೆಂಡ್ ಮತ್ತೆ ನೆರೆಯ ದೇಶಗಳೊಂದಿಗೆ ಆಡತೊಡಗಿದಾಗ ನಾಯಕತ್ವ ಸ್ಟಾಡಾರ್ಟ್‌ಗೆ ಬಂತು. ಮೊದಲ ಪಂದ್ಯ ಯಾರ್ಕ್‌ಷೈರಿನ ಡ್ಯೂಸ್‌ಬರಿಯಲ್ಲಿ, ವೇಲ್ಸ್ ವಿರುದ್ಧ. ಕೊರೆಯುವ ಹವೆ, ಕೆಸರು ಅಂಗಳ. ವೇಲ್ಸ್‌ನ ವಿಲಿಯಂ ಸ್ಟಾಡನ್ ಗಡಿಗೆರೆಯಿಂದ ಚೆಂಡನ್ನು ಉದ್ದಕ್ಕೆ ಎಸೆಯುವಂತೆ ನಟಿಸಿ, ತನ್ನ ಮುಂದೆಯೇ ಪುಟಿಸಿ ತಾನೇ ಹಿಡಿದು ಗೆರೆ ದಾಟಿದ. ಪಂದ್ಯದ ಏಕೈಕ ಗಳಿಕೆ ಆ ಟ್ರೈ. ಇಂಗ್ಲೆಂಡಿನ ವಿರುದ್ಧ ವೇಲ್ಸ್ ಗಳಿಸಿದ ಮೊಟ್ಟಮೊದಲ ಗೆಲುವು ಇದು.

1893ರ ಜನವರಿ 7ರಂದು ಕಾರ್ಡಿಫ್‌ನಲ್ಲಿ ಅದೇ ವೇಲ್ಸ್ ವಿರುದ್ಧ ನಡೆದ ಪಂದ್ಯ ರಗ್ಬಿಯ ಚರಿತ್ರೆಯಲ್ಲಿ ಇನ್ನೂ ದೊಡ್ಡದು. ಹೆಪ್ಪುಗಟ್ಟಿದ ನೆಲವನ್ನು ಮೆದುಗೊಳಿಸಲು ಹಿಂದಿನ ರಾತ್ರಿ ಅಂಗಳದ ತುಂಬ ನೂರಾರು ಕಲ್ಲಿದ್ದಲ ಅಗ್ಗಿಷ್ಟಿಕೆಗಳನ್ನು ಉರಿಸಿದ್ದರು. ವೇಲ್ಸ್ ಎಂಟು ಫಾರ್ವರ್ಡ್‌ಗಳನ್ನಷ್ಟೇ ಇಟ್ಟುಕೊಂಡು ನಾಲ್ವರು ತ್ರೀ-ಕ್ವಾರ್ಟರ್‌ಗಳನ್ನು ಕಣಕ್ಕಿಳಿಸಿತ್ತು. ಸ್ಟಾಡಾರ್ಟ್‌ನ ತಂಡ ಹಳೆಯ ಪದ್ಧತಿಯಂತೆ ಒಂಬತ್ತು ಫಾರ್ವರ್ಡ್, ಮೂವರು ತ್ರೀ-ಕ್ವಾರ್ಟರ್. ಆರಂಭದಲ್ಲಿ ಇಂಗ್ಲೆಂಡಿನ ಒಂಬತ್ತು ಮಂದಿಯ ತೂಕವೇ ಗೆದ್ದಿತು. ಫ್ರೆಡರಿಕ್ ಲೋಡನ್ ಒಂದು ಟ್ರೈ ಗಳಿಸಿದ, ಹೋವರ್ಡ್ ಮಾರ್ಷಲ್ ಪಂದ್ಯದಲ್ಲಿ ಮೂರು ಗಳಿಸಿದ, ಒಂದು ಟ್ರೈಗೆ ಸ್ಟಾಡಾರ್ಟ್ ಕನ್ವರ್ಷನ್ ಕೂಡಿಸಿದ. ದ್ವಿತೀಯಾರ್ಧದಲ್ಲಿ ತಳ್ಳಾಟಕ್ಕೆ ಬಳಲಿದ ಇಂಗ್ಲೆಂಡಿನ ಸುತ್ತ ವೇಲ್ಸ್‌ನ ನಾಲ್ಕನೆಯ ತ್ರೀ-ಕ್ವಾರ್ಟರ್‌ಗೆ ಜಾಗ ಸಿಕ್ಕಿತು. ನಾಯಕ ಆರ್ಥರ್ ಗೂಲ್ಡ್ ಎರಡು ಟ್ರೈ, ನಾರ್ಮನ್ ಬಿಗ್ಸ್ ಒಂದು; ಅವುಗಳಲ್ಲೊಂದಕ್ಕೆ ಕನ್ವರ್ಷನ್. ಕೊನೆಯ ನಿಮಿಷಗಳಲ್ಲಿ ಸಿಕ್ಕ ಪೆನಾಲ್ಟಿಯನ್ನು ನೆಲದ ಮೇಲಿಟ್ಟು ಒದೆಯೆಂದು ಗೂಲ್ಡ್ ಹೇಳಿದರೂ ಕೇಳದೆ ಬಿಲ್ಲಿ ಬ್ಯಾಂಕ್ರಾಫ್ಟ್ ಚೆಂಡನ್ನು ಕೈಯಿಂದ ಬಿಟ್ಟು ಪುಟಿಸಿ ಒದ್ದ; ಗೋಲಾಯಿತು. ವೇಲ್ಸ್ 12, ಇಂಗ್ಲೆಂಡ್ 11.

ಇಂಗ್ಲೆಂಡ್ ನಾಲ್ಕು ಟ್ರೈ ಗಳಿಸಿ ಸೋತಿತು, ವೇಲ್ಸ್ ಮೂರು ಗಳಿಸಿ ಗೆದ್ದಿತು. ಆಗ ಟ್ರೈಗೆ ಎರಡು, ಕನ್ವರ್ಷನ್‌ಗೆ ಮೂರು, ಪೆನಾಲ್ಟಿಗೆ ಮೂರು ಅಂಕ. ಮುಂದಿನ ಋತುವಿನಲ್ಲೇ ಟ್ರೈಗೆ ಮೂರು, ಕನ್ವರ್ಷನ್‌ಗೆ ಎರಡು ಎಂದು ಬದಲಾಯಿತು. ಆ ಲೆಕ್ಕದಲ್ಲಿ ಪಂದ್ಯ 14-14ರ ಸಮ. ಇಂದಿನ ಲೆಕ್ಕದಲ್ಲಿ ಟ್ರೈಗೆ ಐದು. ಇಂಗ್ಲೆಂಡ್ 22-20ರಿಂದ ಗೆಲ್ಲುತ್ತಿತ್ತು. ಆದರೂ ಆ ದಿನದ ಪಾಠವನ್ನು ಇಂಗ್ಲೆಂಡ್ ಅಂಕಗಳಲ್ಲಿ ಹುಡುಕಲಿಲ್ಲ. 1894ರಲ್ಲಿ ತಾನೂ ನಾಲ್ವರು ತ್ರೀ-ಕ್ವಾರ್ಟರ್‌ಗಳನ್ನು ಆಡಿಸಿ ವೇಲ್ಸನ್ನು 24-3ರಿಂದ ಸೋಲಿಸಿತು. ಆ ತಂಡದಲ್ಲಿ ಸ್ಟಾಡಾರ್ಟ್ ಇರಲಿಲ್ಲ. 1893ರ ಮಾರ್ಚ್‌ನಲ್ಲಿ ಲೀಡ್ಸ್‌ನಲ್ಲಿ ಎರಡು ಡ್ರಾಪ್ ಗೋಲ್‌ಗಳಿಂದ ಸ್ಕಾಟ್ಲೆಂಡ್ 8-0ಯಿಂದ ಗೆದ್ದ ಪಂದ್ಯ ಈತನ ಕೊನೆಯ ಅಂತರರಾಷ್ಟ್ರೀಯ ರಗ್ಬಿ ಪಂದ್ಯವಾಗಿತ್ತು.

ಈ ನಡುವೆ 1890ರಲ್ಲಿ ಪರ್ಸಿ ಕಾರ್ಪ್‌ಮೇಲ್ ಬಾರ್ಬೇರಿಯನ್ಸ್ ಕ್ಲಬ್ ಕಟ್ಟಿದಾಗ ಸ್ಟಾಡಾರ್ಟ್ ಅದರ ಸ್ಥಾಪಕ ಸದಸ್ಯರಲ್ಲೊಬ್ಬನಾದ. ಸ್ವಂತ ಅಂಗಳವಿಲ್ಲದ, ಆಹ್ವಾನದ ಮೇಲಷ್ಟೇ ಆಟಗಾರರು ಸೇರುವ, ಗೆಲುವಿಗಿಂತ ಮುಕ್ತ ಆಟಕ್ಕೆ ಬೆಲೆ ಕೊಡುವ ಈ ಕ್ಲಬ್ ಇಂದಿಗೂ ಇದೆ.

ಕ್ರಿಕೆಟ್

ಸ್ಟಾಡಾರ್ಟ್ ಕ್ರಿಕೆಟ್ಟನ್ನು ಗಂಭೀರವಾಗಿ ಹಿಡಿದದ್ದು 22ನೆಯ ವಯಸ್ಸಿನಲ್ಲಿ, ಲಂಡನ್ನಿನ ಹ್ಯಾಂಪ್‌ಸ್ಟೆಡ್ ಕ್ಲಬ್ ಸೇರಿದ ಮೇಲೆ. 1886ರ ಆಗಸ್ಟ್ 4ರಂದು ಸ್ಟೋಯಿಕ್ಸ್ ತಂಡದ ವಿರುದ್ಧ 485 ರನ್ ಹೊಡೆದ. ಯಾವುದೇ ಮಟ್ಟದ ದಾಖಲಿತ ಪಂದ್ಯದಲ್ಲಿ ಅಲ್ಲಿಯವರೆಗಿನ ಅತಿ ಹೆಚ್ಚಿನ ವೈಯಕ್ತಿಕ ಮೊತ್ತ ಅದು. ಹಿಂದಿನ ರಾತ್ರಿಯಿಡೀ ಇಸ್ಪೀಟು ಆಡಿ ನಿದ್ದೆಗೆಟ್ಟು ಬಂದಿದ್ದನೆಂಬ ಕತೆ ಅದರೊಂದಿಗೆ ಸೇರಿಕೊಂಡಿದೆ. ಇನಿಂಗ್ಸ್ ಡಿಕ್ಲೇರ್ ಮಾಡಲು ಆಗ ಅವಕಾಶವೇ ಇರಲಿಲ್ಲ; ಹ್ಯಾಂಪ್‌ಸ್ಟೆಡ್ 813ರವರೆಗೂ ಆಡುತ್ತಲೇ ಹೋಯಿತು, ಸ್ಟೋಯಿಕ್ಸ್‌ಗೆ ಬ್ಯಾಟಿಂಗ್ ಸಿಗಲಿಲ್ಲ. ಆ ನಿಯಮ ಬದಲಾದ ಮೇಲೆ, 1893ರ ಲಾರ್ಡ್ಸ್ ಟೆಸ್ಟ್‌ನಲ್ಲಿ ಡಬ್ಲ್ಯು. ಜಿ. ಗ್ರೇಸ್ ಇಲ್ಲದಿದ್ದಾಗ ನಾಯಕನಾದ ಸ್ಟಾಡಾರ್ಟ್, ಟೆಸ್ಟ್‌ನಲ್ಲಿ ಇನಿಂಗ್ಸ್ ಡಿಕ್ಲೇರ್ ಮಾಡಿದ ಮೊದಲಿಗನೆನಿಸಿದ.

ಈತನ ಕೀರ್ತಿಯ ತುತ್ತತುದಿ 1894-95ರ ಆಸ್ಟ್ರೇಲಿಯ ಪ್ರವಾಸ. ಸಿಡ್ನಿಯ ಮೊದಲ ಟೆಸ್ಟ್‌ನಲ್ಲಿ ಆಸ್ಟ್ರೇಲಿಯ 586 ಗಳಿಸಿತು; ಇಂಗ್ಲೆಂಡ್ ಫಾಲೋ ಆನ್‌ಗೆ ಸಿಕ್ಕಿತು. ಎರಡನೆಯ ಇನಿಂಗ್ಸ್‌ನಲ್ಲಿ ಹೋರಾಡಿ 437 ಗಳಿಸಿ, ರಾತ್ರಿಯ ಮಳೆಗೆ ನೆನೆದ ಪಿಚ್ಚಿನ ಮೇಲೆ ಆಸ್ಟ್ರೇಲಿಯವನ್ನು ಉರುಳಿಸಿ 10 ರನ್‌ಗಳಿಂದ ಗೆದ್ದಿತು. ಫಾಲೋ ಆನ್ ಆದ ತಂಡ ಟೆಸ್ಟ್ ಗೆದ್ದದ್ದು ಅದೇ ಮೊದಲು. ಮೆಲ್ಬರ್ನ್‌ನ ಎರಡನೆಯ ಟೆಸ್ಟ್‌ನಲ್ಲಿ ಸ್ಟಾಡಾರ್ಟ್ ಹೊಡೆದ 173, ಆಸ್ಟ್ರೇಲಿಯದಲ್ಲಿ ಇಂಗ್ಲೆಂಡ್ ನಾಯಕನೊಬ್ಬನ ಅತ್ಯಧಿಕ ಮೊತ್ತವಾಗಿ 1974-75ರ ಸರಣಿಯವರೆಗೂ ಉಳಿಯಿತು. ಸರಣಿ 3-2ರಿಂದ ಇಂಗ್ಲೆಂಡಿನದಾಯಿತು.

1897-98ರ ಪ್ರವಾಸ ಇದಕ್ಕೆ ತದ್ವಿರುದ್ಧ. ತಾಯಿ ತೀರಿಕೊಂಡ ಸುದ್ದಿ ಬಂದು ಸ್ಟಾಡಾರ್ಟ್ ಆರಂಭದ ಟೆಸ್ಟ್‌ಗಳಿಂದ ಹಿಂದೆ ಸರಿದ. ಆರ್ಚಿ ಮೆಕ್ಲಾರೆನ್ ತಂಡವನ್ನು ನಡೆಸಿದ. ರಣಜಿ ಅಸ್ವಸ್ಥನಾಗಿದ್ದರೂ ಸಿಡ್ನಿಯಲ್ಲಿ 175 ಹೊಡೆದು ಆ ಟೆಸ್ಟನ್ನು ಗೆಲ್ಲಿಸಿದ. ಮಿಕ್ಕ ನಾಲ್ಕನ್ನೂ ಸೋತು ಇಂಗ್ಲೆಂಡ್ 4-1ರಿಂದ ಸರಣಿ ಕಳೆದುಕೊಂಡಿತು. ಅಲ್ಲಿನ ಪ್ರೇಕ್ಷಕರು ಕೂಗಾಡಿ ಹಂಗಿಸುವುದನ್ನು ಸ್ಟಾಡಾರ್ಟ್ ಬಹಿರಂಗವಾಗಿ ಖಂಡಿಸಿದ. ಮೂರು ವರ್ಷ ಹಿಂದೆ ಈತನನ್ನು ಹೊತ್ತು ಮೆರೆಸಿದ ಪತ್ರಿಕೆಗಳಲ್ಲೇ ಟೀಕೆ ಬಂತು. ಆ ಪ್ರವಾಸದ ಬಗ್ಗೆ ರಣಜಿ ಒಂದು ಪುಸ್ತಕ ಬರೆದು, ಅದರ ಹೆಸರಿನಲ್ಲೇ ಇದು ಸ್ಟಾಡಾರ್ಟ್‌ನ ತಂಡ ಎಂದು ಗುರುತಿಸಿದ. ಮಿಡ್ಲ್‌ಸೆಕ್ಸ್ ಪರ 1900ರಲ್ಲಿ ಆಡಿದ ಕೊನೆಯ ಪಂದ್ಯದಲ್ಲಿ ಸ್ಟಾಡಾರ್ಟ್ 221 ಹೊಡೆದ. ಪ್ರಥಮ ದರ್ಜೆಯಲ್ಲಿ ಈತನ ಅತ್ಯಧಿಕ ಮೊತ್ತ ಅದೇ. ಟೆಸ್ಟ್‌ನಲ್ಲಿ ಒಟ್ಟು 996 ರನ್, ಎರಡು ಶತಕ.

ಕೊನೆಯ ವರ್ಷಗಳು

ಆಟ ಬಿಟ್ಟ ಮೇಲೆ ಲಂಡನ್ನಿನ ಕ್ವೀನ್ಸ್ ಕ್ಲಬ್ಬಿನ ಕಾರ್ಯದರ್ಶಿಯಾಗಿದ್ದ. 1906ರಲ್ಲಿ ಮದುವೆಯಾದ. ಆರೋಗ್ಯ ಕೆಟ್ಟಿತು, ಹಣದ ಮುಗ್ಗಟ್ಟು ಬಂತು, ಮಹಾಯುದ್ಧ ಶುರುವಾಯಿತು. ಖಿನ್ನತೆಗೆ ಒಳಗಾದ ಈತ 1915ರ ಏಪ್ರಿಲ್‌ನಲ್ಲಿ ಲಂಡನ್ನಿನ ತನ್ನ ಮನೆಯಲ್ಲಿ ತಾನಾಗಿಯೇ ಜೀವ ಕಳೆದುಕೊಂಡ. ಆಗ 52 ವರ್ಷ. 1888ರ ಪ್ರವಾಸದ ಸಂಘಟಕ ಶ್ರೂಸ್‌ಬರಿಯ ಬಾಳೂ 1903ರಲ್ಲಿ ಹೀಗೆಯೇ ಮುಗಿದಿತ್ತು. ಸ್ಟಾಡಾರ್ಟ್‌ನ ಜೀವನವನ್ನು ಡೇವಿಡ್ ಫ್ರಿತ್ ವಿವರವಾಗಿ ಬರೆದಿದ್ದಾನೆ.

ಸ್ಥಾನಮಾನ

ಕ್ರಿಕೆಟ್ ಚರಿತ್ರೆ ಸ್ಟಾಡಾರ್ಟ್‌ಗೆ ಕೊಟ್ಟ ಜಾಗ ದೊಡ್ಡದು. ರಗ್ಬಿ ಚರಿತ್ರೆ ಬಹುಕಾಲ ಅಷ್ಟು ಕೊಡಲಿಲ್ಲ. ನಾಯಕನಾಗಿ ವೇಲ್ಸ್ ವಿರುದ್ಧದ ಎರಡೂ ಪಂದ್ಯ ಸೋತದ್ದು ಅದಕ್ಕೆ ಒಂದು ಕಾರಣವಿರಬಹುದು. ಯೂನಿಯನ್‌ನ ಒಪ್ಪಿಗೆಯಿಲ್ಲದ 1888ರ ಪ್ರವಾಸವನ್ನು ಅಧಿಕೃತ ಚರಿತ್ರೆ ದಶಕಗಟ್ಟಲೆ ಬದಿಗಿಟ್ಟದ್ದು ಮುಖ್ಯ ಕಾರಣ. ಆದರೆ ಆ ಪ್ರವಾಸದಲ್ಲಿಯೇ ಈತನ ನಿಜವಾದ ಕೊಡುಗೆ ಇರುವುದು. ನಾಯಕನನ್ನು ಕಳೆದುಕೊಂಡ ತಂಡವನ್ನು ಒಡೆಯದಂತೆ ಹಿಡಿದು, ನ್ಯೂಜಿಲೆಂಡಿಗೆ ಹೊಸ ಆಟ ತೋರಿಸಿ, ಒಂದೂವರೆ ಶತಮಾನದ ಹತ್ತಿರಕ್ಕೆ ಬಂದಿರುವ ಪ್ರವಾಸ ಸಂಪ್ರದಾಯವೊಂದಕ್ಕೆ ಅಡಿಪಾಯ ಹಾಕಿದ ಸಾಧನೆ 10 ಪಂದ್ಯಗಳ ಪಟ್ಟಿಯಲ್ಲಿ ಕಾಣುವುದಿಲ್ಲ.

ಸ್ಟಾಡಾರ್ಟ್‌ನ ತರುವಾಯ ಯಾರೂ ಇಂಗ್ಲೆಂಡ್ ತಂಡವನ್ನು ರಗ್ಬಿ ಮತ್ತು ಕ್ರಿಕೆಟ್ ಎರಡರಲ್ಲೂ ಮುನ್ನಡೆಸಿಲ್ಲ. ಎರಡೂ ಆಟಗಳು ವರ್ಷವಿಡೀ ನಡೆಯುವ ವೃತ್ತಿಗಳಾಗಿರುವ ಈ ದಿನಗಳಲ್ಲಿ ಅದು ಸಾಧ್ಯವೂ ಇಲ್ಲ. 1888ರಲ್ಲಿ ಮುಚ್ಚುಮರೆಯಲ್ಲಿ ನಡೆದ ವ್ಯವಹಾರ, ಅಂದರೆ ಆಟಗಾರನಿಗೆ ಹಣ ಕೊಡುವುದು, ರಗ್ಬಿ ಯೂನಿಯನ್‌ನಲ್ಲಿ ನಿಯಮಬದ್ಧವಾದದ್ದು 1995ರ ಆಗಸ್ಟ್‌ನಲ್ಲಿ.